ಹಿರಿಯರ ಮಾನಸಿಕ ಅನಮ್ಯತೆಯನ್ನು ಅಳೆಯುವಾಗ

ಮನೋವಿಜ್ಞಾನದ ಪ್ರಾಯೋಗಿಕ ಕಾರ್ಯಕ್ಕೆ ನಮ್ಮ ಕೆಲವು ಪ್ರಶಿಕ್ಷಣಾರ್ಥಿಗಳು ನಾಗಮಂಗಲ ಸುತ್ತಿನ ಹಳ್ಳಿಗಳ ಹಿರಿಯರನ್ನು ಆರಿಸಿಕೊಂಡಿದ್ದಾರೆ. ಆಯ್ಕೆ ಸಕಾಲಿಕ. 2022ರಲ್ಲಿ ಆರಂಭವಾದ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ 15 ವರ್ಷ ಮೇಲ್ಪಟ್ಟ ಎಲ್ಲ ಅನಕ್ಷರಸ್ಥರೂ ಸೇರುತ್ತಾರೆ. ಅರವತ್ತು ದಾಟಿದವರಿಗೂ ನಾವು ಪಾಠ ಹೇಳಬೇಕಾಗುತ್ತದೆ. ಆದರೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಪನಿ ಹಿಡಿದು ಹೊರಟರೆ ಕೆಲಸ ಕೆಡುತ್ತದೆ. ಮಾನಸಿಕ ಅನಮ್ಯತೆ ಎಂದರೆ ಹಠವೂ ಅಲ್ಲ, ಹಳೆಯ ರೂಢಿಯ ಮೇಲಿನ ಪ್ರೀತಿಯೂ ಅಲ್ಲ.

ಸ್ಟೀವನ್ ಹೇಯ್ಸ್ ಮತ್ತು ಅವರ ಸಂಗಡಿಗರು ಬೆಳೆಸಿದ ಈ ಪರಿಕಲ್ಪನೆಯ ತಿರುಳು ಇಷ್ಟು: ನೋವಿನ ನೆನಪು, ಭಯ, ಚಿಂತೆಗಳನ್ನು ದೂರವಿಡುವ ಹೋರಾಟದಲ್ಲೇ ಮುಳುಗಿ, ತನಗೆ ಮುಖ್ಯವಾದ ಕೆಲಸವನ್ನು ಕೈಬಿಡುವುದು. ಇಬ್ಬರು ಅಜ್ಜಿಯರನ್ನು ಊಹಿಸಿಕೊಳ್ಳಿ. ಇಬ್ಬರೂ ಗಂಡನನ್ನು ಕಳೆದುಕೊಂಡವರು, ಇಬ್ಬರಿಗೂ ದುಃಖ ಒಂದೇ. ಒಬ್ಬರು ‘ನೆನಪಾಗ್ತದೆ’ ಎಂದು ಮೊಮ್ಮಗಳ ಮದುವೆಗೇ ಹೋಗುವುದಿಲ್ಲ. ಇನ್ನೊಬ್ಬರು ಕಣ್ಣೊರೆಸಿಕೊಳ್ಳುತ್ತಲೇ ಹೋಗಿ ಅಕ್ಷತೆ ಹಾಕಿ ಬರುತ್ತಾರೆ. ದುಃಖವನ್ನಷ್ಟೇ ಕೇಳುವ ಪ್ರಶ್ನಾವಳಿಗೆ ಇವರಿಬ್ಬರೂ ಒಂದೇ. ಅನಮ್ಯತೆಯ ಮಾಪನಿ ಇವರನ್ನು ಬೇರೆ ಮಾಡಿ ತೋರಿಸಬೇಕು.

ತೋರಿಸುತ್ತದೆಯೇ? ಹೆಚ್ಚು ಬಳಕೆಯಲ್ಲಿರುವುದು 2011ರಲ್ಲಿ ಬಾಂಡ್ ಮತ್ತಿತರರು ಪ್ರಕಟಿಸಿದ ‘ಸ್ವೀಕಾರ ಮತ್ತು ಕ್ರಿಯಾ ಪ್ರಶ್ನಾವಳಿ’ಯ ಎರಡನೇ ಆವೃತ್ತಿ. ಏಳು ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 7 ಅಂಕ. ಮೊತ್ತ 7ರಿಂದ 49. ಅಂಕ ಹೆಚ್ಚಿದಷ್ಟೂ ಅನಮ್ಯತೆ ಹೆಚ್ಚು. ಇದು ಅನಮ್ಯತೆಗಿಂತ ಸಂಕಟವನ್ನೇ ಹೆಚ್ಚಾಗಿ ಅಳೆಯುತ್ತದೆ ಎಂದು 2014ರಲ್ಲಿ ವೋಲ್ಗಾಸ್ಟ್ ಆಕ್ಷೇಪಿಸಿದರು. ನನಗೆ ಆ ಆಕ್ಷೇಪ ತೂಕದ್ದಾಗಿ ಕಾಣುತ್ತದೆ. ನಮ್ಮ ತರಗತಿಯ ಮಾತಿನಲ್ಲಿ ಹೇಳುವುದಾದರೆ, ವಿಶ್ವಾಸಾರ್ಹತೆ ಇದ್ದೂ ಸಪ್ರಮಾಣತೆ ಸಂಶಯದಲ್ಲಿದೆ.

ಹಳ್ಳಿಯ ಜಗಲಿಯ ಮೇಲೆ ಬೇರೆ ತೊಡಕುಗಳೂ ಸೇರುತ್ತವೆ. ‘ಚಿಂತೆಯನ್ನು ಹತೋಟಿಯಲ್ಲಿಡಲಾರೆನೆಂಬ ಚಿಂತೆ’ ಎಂಬಂಥ ಮಡಿಕೆಯ ಮಾತು ಕಿವಿಯಲ್ಲಿ ಕೇಳಿದಾಗ ಅರ್ಥವಾಗುವುದಿಲ್ಲ. ಏಳು ಮೆಟ್ಟಿಲುಗಳ ಸೂಕ್ಷ್ಮ ವ್ಯತ್ಯಾಸ ನೆನಪಿನಲ್ಲಿ ನಿಲ್ಲುವುದಿಲ್ಲ. ‘ಏನೋ ಕಣವ್ವ, ನೀನೇ ಬರ್ಕೋ’ ಎಂದರೆ ಅದು ಉತ್ತರವಲ್ಲ, ಕೇಳಿದವರಿಗೆ ತೋರಿದ ಮರ್ಯಾದೆ. ಇನ್ನು ಮಂಡಿನೋವಿನಿಂದ ಸಂತೆ ಬಿಟ್ಟವರನ್ನು ಭಯದಿಂದ ಸಂತೆ ಬಿಟ್ಟವರ ಸಾಲಿಗೆ ಸೇರಿಸುವಂತಿಲ್ಲ. ‘ಯಾಕೆ ಹೋಗಲಿಲ್ಲ ತಾತ?’ ಎಂಬ ಮರುಪ್ರಶ್ನೆ ಕಡ್ಡಾಯ.

ಮಾಪನಿಯನ್ನು ಜನರಿಗೆ ಹೊಂದಿಸಿದ ಒಳ್ಳೆಯ ಮಾದರಿ ನಮ್ಮ ದೇಶದಲ್ಲೇ ಇದೆ. ಹರಿಯಾಣದ ಬಲ್ಲಭಗಢದಲ್ಲಿ ಗಂಗೂಲಿ ಮತ್ತು ಸಂಗಡಿಗರು ಅನಕ್ಷರಸ್ಥ ಹಿರಿಯರಿಗಾಗಿ ಸಿದ್ಧಪಡಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಬೌದ್ಧಿಕ ಪರೀಕ್ಷೆಯಲ್ಲಿ, ವಾಕ್ಯ ಬರೆಯಿರಿ ಎನ್ನುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎಂದು ಕೇಳಿದರು. ಅಳೆಯುವ ಸಾಮರ್ಥ್ಯ ಉಳಿಯಿತು, ಅಕ್ಷರದ ಅಡ್ಡಿ ಹೋಯಿತು. ನಮ್ಮಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ, 45 ದಾಟಿದ ಗ್ರಾಮೀಣರ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ನಡೆಸುತ್ತಿರುವ ದೀರ್ಘಕಾಲೀನ ಅಧ್ಯಯನವೂ ಜನರ ಭಾಷೆಗೆ ಹೊಂದಿಸಿದ ಪರೀಕ್ಷೆಗಳನ್ನೇ ನೆಚ್ಚಿದೆ.

ಪ್ರಾಯೋಗಿಕ ಕಾರ್ಯಕ್ಕೆ ನನ್ನ ಸಲಹೆ, ಗ್ರೆಕೋ ಮತ್ತಿತರರು 2008ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ 17 ಹೇಳಿಕೆಗಳ ಪ್ರಶ್ನಾವಳಿಯನ್ನು ನೋಡಿ ಎಂಬುದು. ವಾಕ್ಯಗಳು ಚಿಕ್ಕವು, ಅಂಕ 0ರಿಂದ 4. ಶಾಲೆಯ ಪ್ರಸ್ತಾಪವಿರುವ ಹೇಳಿಕೆಯನ್ನು ಮಾತ್ರ ಬದಲಿಸಬೇಕು. ಕನ್ನಡಕ್ಕೆ ತಂದದ್ದನ್ನು ಮೂಲ ನೋಡದ ಇನ್ನೊಬ್ಬರಿಂದ ಇಂಗ್ಲಿಷಿಗೆ ಮರಳಿ ಮಾಡಿಸಿ, ಎರಡನ್ನೂ ಹೋಲಿಸಿ. ಆಮೇಲೆ ನಾಲ್ಕೈದು ಹಿರಿಯರಿಗೆ ಓದಿ ಹೇಳಿ, ‘ಇದು ನಿಮಗೆ ಏನಂತ ಅರ್ಥ ಆಯ್ತು?’ ಎಂದು ಕೇಳಿ. ಉತ್ತರಕ್ಕೆ ಅಂಕಿಯ ಬದಲು ಅಳತೆಯ ಚಿತ್ರ ಕೊಡಬಹುದು: ಖಾಲಿ ಸೇರು, ಪಾವು, ಅಚ್ಚೇರು, ಮೂರು ಪಾವು, ತುಂಬಿದ ಸೇರು. ರಾಗಿ ಅಳೆದ ಕೈಗಳಿಗೆ ಈ ಐದು ಹಂತ ವಿವರಿಸಬೇಕಿಲ್ಲ. ಇಷ್ಟು ಬದಲಾದ ಮೇಲೆ ನಿಮ್ಮ ಅಂಕಗಳನ್ನು ವಿದೇಶದ ಸರಾಸರಿಯ ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ. ವರದಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಿರಿ.

ಮಗ, ಸೊಸೆ ಪಕ್ಕದಲ್ಲಿದ್ದಾಗ ಪ್ರಶ್ನೆ ಕೇಳಬೇಡಿ. ಅಂಕವನ್ನು ಮನೆಯವರ ಮುಂದೆ ಹೇಳಬೇಡಿ. ಹಿರಿಯರು ಬದುಕು ಸಾಕು ಎಂಬ ಮಾತನ್ನು ನಿಜವಾಗಿ ಆಡಿದರೆ ಪ್ರಶ್ನಾವಳಿಯನ್ನು ಅಲ್ಲಿಗೇ ಮಡಚಿ, ಜೊತೆಯಲ್ಲಿ ಕುಳಿತು ಕೇಳಿ. ಮಾರ್ಗದರ್ಶಕರಿಗೆ ಅಂದೇ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲೂ ಸಿಗುತ್ತದೆ. ಸಂಖ್ಯೆಯನ್ನು ಬರೆದು ಕೊಡುವುದಷ್ಟೇ ಸಾಲದು, ಅವರು ಒಪ್ಪಿದರೆ ಕರೆ ಮಾಡಿಕೊಟ್ಟು ಬನ್ನಿ.