ಎಣಿಸಲಾಗದ್ದನ್ನು ತೂಗಿ ತಿಳಿಯುವ ಬಗೆ

ಮಾಗಡಿ ಎಂದೊಡನೆ ಕೆಂಪೇಗೌಡರ ಮಾಗಡಿಯನ್ನು ನೆನೆಯುವವರೇ ಹೆಚ್ಚು. ನಾನು ಇಂದು ತಮ್ಮನ್ನು ಕರೆದೊಯ್ಯಬೇಕೆಂದಿರುವುದು ಇನ್ನೊಂದು ಮಾಗಡಿಗೆ. ಗದಗಿನಿಂದ ಸುಮಾರು 26 ಕಿಲೋಮೀಟರು ದೂರದಲ್ಲಿ, ಶಿರಹಟ್ಟಿ ಲಕ್ಷ್ಮೇಶ್ವರಗಳ ನೆರೆಯಲ್ಲಿರುವ ಊರಿಗೆ. ಅಲ್ಲಿಯ ಕೆರೆಗೆ ಪ್ರತಿ ಚಳಿಗಾಲದಲ್ಲೂ ಹಿಮಾಲಯದಾಚೆಯ ನಾಡುಗಳಿಂದ ಪಟ್ಟೆತಲೆಯ ಹೆಬ್ಬಾತುಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. 2024ರಲ್ಲಿ ಈ ಕೆರೆಗೆ ರಾಮ್‌ಸಾರ್ ಒಪ್ಪಂದದ ಜೌಗುನೆಲೆಗಳ ಪಟ್ಟಿಯಲ್ಲಿ ಸ್ಥಾನ ದೊರೆಯಿತು.

ಇಂಥ ಹಿಂಡನ್ನು ಲೆಕ್ಕ ಹಾಕುವ ಪಕ್ಷಿವೀಕ್ಷಕರು ಒಂದು, ಎರಡು ಎಂದು ಬೆರಳು ಮಡಿಸುವುದಿಲ್ಲ. ನೂರು ಹಕ್ಕಿಗಳ ಗುಂಪು ನೀರಿನ ಮೇಲೆ ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ಕಣ್ಣಿಗೆ ರೂಢಿ ಮಾಡಿಕೊಂಡು, ಅಂಥ ಗುಂಪುಗಳು ಎಷ್ಟಿವೆ ಎಂದು ನೋಡುತ್ತಾರೆ. ಪರಮಾಣುಗಳನ್ನು ಎಣಿಸಹೊರಟ ರಸಾಯನಶಾಸ್ತ್ರಜ್ಞರು ಹಿಡಿದ ದಾರಿಯೂ ಇದೇ. ಅವರ ಗುಂಪಿನ ಹೆಸರು ಮೋಲ್.

ಎಣಿಸುವ ಗೊಡವೆಯೇಕೆ, ತೂಗಿದರೆ ಸಾಲದೆ ಎಂದು ತಾವು ಕೇಳಬಹುದು. ಸಾಲದು. ಏಕೆಂದರೆ ದ್ರವ್ಯಗಳು ಒಂದರೊಡನೊಂದು ಕೂಡುವುದು ತೂಕವನ್ನು ನೋಡಿಯಲ್ಲ, ಸಂಖ್ಯೆಯನ್ನು ನೋಡಿ. ಎರಡು ಹೈಡ್ರೊಜನ್ನಿಗೆ ಒಂದು ಆಕ್ಸಿಜನ್ ಸೇರಿದರೆ ನೀರು. ನಮ್ಮ ಕೈಯಲ್ಲಿರುವುದಾದರೋ ತಕ್ಕಡಿ ಮಾತ್ರ. ತಕ್ಕಡಿಯ ಭಾಷೆಯನ್ನು ಎಣಿಕೆಯ ಭಾಷೆಗೆ ತಿರುಗಿಸುವ ದುಭಾಷಿಯೊಬ್ಬ ಬೇಕು.

ಮಾಗಡಿಯ ಸುತ್ತಲಿನ ಹೊಲಗಳ ಬೆಳೆಯಿಂದಲೇ ಉದಾಹರಣೆ ತೆಗೆದುಕೊಳ್ಳೋಣ. ನೂರು ಶೇಂಗಾ ಕಾಳು ಎಣಿಸಿ ತೂಗಿದಾಗ 50 ಗ್ರಾಂ ಬಂದಿತೆನ್ನಿ. ನೂರು ಕಡಲೆಕಾಳು 20 ಗ್ರಾಂ ತೂಗಿತೆನ್ನಿ. ಆಮೇಲೆ ಎಣಿಸುವ ಪ್ರಮೇಯವೇ ಇಲ್ಲ. ಐದು ಕಿಲೋ ಶೇಂಗಾದಲ್ಲಿಯೂ ಎರಡು ಕಿಲೋ ಕಡಲೆಯಲ್ಲಿಯೂ ಕಾಳುಗಳು ಸಮಸಮ, ಹತ್ತುಹತ್ತು ಸಾವಿರ. ಒಂದು ಶೇಂಗಾಕ್ಕೆ ಒಂದು ಕಡಲೆಯಂತೆ ಜೋಡಿಸಬೇಕಾದವನು ಐದಕ್ಕೆ ಎರಡರ ಪ್ರಮಾಣದಲ್ಲಿ ತೂಗಿದರೆ ಆಯಿತು. ಪರಮಾಣುಗಳಲ್ಲಿಯೂ ಹಾಗೆಯೇ. ಹೈಡ್ರೊಜನ್ ಪರಮಾಣುವಿನ ತೂಕ ಒಂದು ಎಂದರೆ ಕಾರ್ಬನ್ನಿನದು 12, ಫ್ಲೋರಿನ್ನಿನದು 19, ಕ್ಯಾಲ್ಸಿಯಮ್ಮಿನದು 40. ಆದ್ದರಿಂದ ಒಂದು ಗ್ರಾಂ ಹೈಡ್ರೊಜನ್, 12 ಗ್ರಾಂ ಇದ್ದಿಲು, 40 ಗ್ರಾಂ ಕ್ಯಾಲ್ಸಿಯಂ, ಇವುಗಳಲ್ಲಿ ಪರಮಾಣುಗಳ ಸಂಖ್ಯೆ ಒಂದೇ. ಆ ಸಂಖ್ಯೆಯಷ್ಟು ಕಣಗಳ ರಾಶಿಯೇ ಒಂದು ಮೋಲ್. ಹದಿನೆಂಟು ಗ್ರಾಂ ನೀರು, ಅಂದರೆ ಒಂದು ಗುಟುಕು, ನೀರಿನ ಅಣುಗಳ ಒಂದು ಮೋಲ್.

ಸಂಖ್ಯೆ ಎಷ್ಟೆಂದು ಹೇಳದೆಯೇ ಇಷ್ಟು ದೂರ ಬಂದೆವು ಎಂಬುದನ್ನು ಗಮನಿಸಿರಬಹುದು. ಚರಿತ್ರೆಯಲ್ಲಿಯೂ ಹೀಗೆಯೇ ನಡೆಯಿತು. ಸಮ ಉಷ್ಣತೆ ಮತ್ತು ಒತ್ತಡದಲ್ಲಿರುವ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮವೆಂದು ಇಟಲಿಯ ಅವೊಗಾಡ್ರೊ 1811ರಲ್ಲಿಯೇ ಹೇಳಿದ. ಅವನು ತೀರಿಕೊಂಡ ಮೇಲೆ, 1860ರ ಕಾರ್ಲ್ಸ್‌ರೂಹೆ ಸಮ್ಮೇಳನದಲ್ಲಿ ಕ್ಯಾನಿಜಾರೊ ವಾದಿಸಿದ ಬಳಿಕವೇ ಪಂಡಿತರು ಅದಕ್ಕೆ ಕಿವಿಗೊಟ್ಟದ್ದು. ತನ್ನ ಹೆಸರು ಹೊತ್ತ ಸಂಖ್ಯೆಯ ಬೆಲೆಯನ್ನು ಅವೊಗಾಡ್ರೊ ಕಾಣಲೇ ಇಲ್ಲ. ಆ ಹೆಸರನ್ನಿಟ್ಟವನು ಫ್ರಾನ್ಸಿನ ಪೆರ‍್ಯಾನ್, 1909ರಲ್ಲಿ. 2019ರಿಂದೀಚೆಗೆ ಅದನ್ನು ಅಳೆಯುವ ಪ್ರಶ್ನೆಯೂ ಉಳಿದಿಲ್ಲ. 602214076ರ ಮುಂದೆ ಹದಿನೈದು ಸೊನ್ನೆ ಬರೆದರೆ ಬರುವ ಸಂಖ್ಯೆಯೇ ಮೋಲ್ ಎಂದು ನಿಶ್ಚಯಿಸಿಬಿಟ್ಟಿದ್ದಾರೆ.

ಇಲ್ಲಿ ಸಾಹಿತ್ಯಾಸಕ್ತರಾದ ತಮಗೆ ಒಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲು ಮನಸ್ಸು ಬಾರದು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಏಕ, ದಶ, ಶತ ಎಂದು ಮೊದಲುಮಾಡಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಡುತ್ತಾನೆ. ಕಟ್ಟಕಡೆಯ ಸ್ಥಾನ ಮಹಾಕ್ಷೋಭ. ಒಂದರ ಮುಂದೆ ಇಪ್ಪತ್ತಮೂರು ಸೊನ್ನೆ. ಅವೊಗಾಡ್ರೊ ಸಂಖ್ಯೆಯೂ ಇಪ್ಪತ್ತನಾಲ್ಕು ಅಂಕೆಗಳದ್ದೇ. ಅಂದಮೇಲೆ ಒಂದು ಮೋಲ್ ಎಂದರೆ ಆರು ಮಹಾಕ್ಷೋಭಕ್ಕಿಂತ ಕೊಂಚ ಹೆಚ್ಚು. ಆಚಾರ್ಯನಿಗೆ ಪರಮಾಣುಗಳ ತೂಕ ಗೊತ್ತಿತ್ತೆಂದು ಇದರಿಂದ ಯಾರೂ ಹಿಗ್ಗಬೇಕಾಗಿಲ್ಲ. ಇದು ಕೇವಲ ಕಾಕತಾಳೀಯ. ಆದರೂ ಈ ಸಂಖ್ಯೆಯನ್ನು ಕರೆಯಲು ನಮ್ಮ ನೆಲದ ಪುಸ್ತಕದಲ್ಲಿಯೇ ಒಂದು ಹೆಸರು ಸಿದ್ಧವಾಗಿತ್ತೆಂಬುದು ನನಗಂತೂ ಸಂತೋಷದ ವಿಷಯ.

ಇನ್ನು ಮಾಗಡಿಯಿಂದ ಮುಂಡರಗಿಯ ಕಡೆಗೆ ಹೊರಳೋಣ. ಗದಗ ಜಿಲ್ಲೆಯ ಅಂತರ್ಜಲದಲ್ಲಿ, ಅದರಲ್ಲಿಯೂ ಮುಂಡರಗಿ ತಾಲೂಕಿನ ಅನೇಕ ಊರುಗಳ ಕೊಳವೆಬಾವಿಗಳಲ್ಲಿ, ಫ್ಲೋರೈಡಿನ ಅಂಶ ಮಿತಿಮೀರಿರುವುದು ಬಹುಕಾಲದ ಸಂಕಟ. ಎಳೆಯ ವಯಸ್ಸಿನಲ್ಲಿ ಈ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಹಳದಿ, ಕಂದು ಗೆರೆಗಳು ಮೂಡುತ್ತವೆ. ಆಮೇಲೆ ಎಷ್ಟು ಉಜ್ಜಿದರೂ ಅಳಿಯುವುದಿಲ್ಲ. ಹಲವು ವರ್ಷ ಕುಡಿದವರಲ್ಲಿ ಕೀಲುಗಳು ಬಿಗಿದು, ಬೆನ್ನು ಪೆಡಸಾಗುತ್ತದೆ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರಿನ ಕಡೆ.

ಲೀಟರಿಗೆ ಒಂದು ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಾಗ ಒಂದೂವರೆ ಮಿಲಿಗ್ರಾಂವರೆಗೆ ನಡೆದೀತು ಎಂಬುದು ಭಾರತೀಯ ಮಾನಕ. ಒಂದೂವರೆ ಮಿಲಿಗ್ರಾಂ ಎಂದರೆ ಚಿಟಿಕೆಯೂ ಅಲ್ಲ. ಇಷ್ಟು ಅಲ್ಪವಾದದ್ದು ಎಲುಬಿಗೆ ಏನು ಮಾಡೀತು ಎಂದು ತಕ್ಕಡಿಯನ್ನಷ್ಟೇ ನಂಬಿದವನು ಕೇಳುತ್ತಾನೆ. ಮೋಲ್ ಬಲ್ಲವನು ಹಾಗೆ ಕೇಳಲಾರ.

ಒಂದು ಬಾವಿಯ ನೀರಿನಲ್ಲಿ ಲೀಟರಿಗೆ 3.8 ಮಿಲಿಗ್ರಾಂ ಫ್ಲೋರೈಡ್ ಇದೆಯೆಂದು ಇಟ್ಟುಕೊಳ್ಳೋಣ. ಬಿಸಿಲಿನಲ್ಲಿ ದುಡಿಯುವ ರೈತ ದಿನಕ್ಕೆ ಐದು ಲೀಟರ್ ಕುಡಿಯುತ್ತಾನೆ. ಅವನ ಒಡಲಿಗೆ ಹೋಗುವುದು 19 ಮಿಲಿಗ್ರಾಂ. ಫ್ಲೋರಿನ್ನಿನ ಒಂದು ಮೋಲ್ 19 ಗ್ರಾಂ ಆದ್ದರಿಂದ ಇದು ಮೋಲಿನ ಸಾವಿರದಲ್ಲೊಂದು ಪಾಲು, ಅಂದರೆ ಒಂದು ಮಿಲಿಮೋಲ್. ಎಣಿಕೆಯಲ್ಲಿ ಅರವತ್ತು ಲಕ್ಷ ಕೋಟಿ ಕೋಟಿ ಕಣಗಳು!

ಹಲ್ಲು ಎಲುಬುಗಳ ಗಟ್ಟಿ ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಒಂದು ಖನಿಜ. ಅದರಲ್ಲಿ ಐದು ಕ್ಯಾಲ್ಸಿಯಮ್ಮಿಗೆ ಮೂರು ಫಾಸ್ಫೇಟ್, ಅವುಗಳ ನಡುವೆ ಒಂದು ಹೈಡ್ರಾಕ್ಸೈಡ್ ಕುಳಿತಿರುತ್ತದೆ. ಫ್ಲೋರೈಡ್ ಈ ಹೈಡ್ರಾಕ್ಸೈಡನ್ನು ಎಬ್ಬಿಸಿ ಆ ಪೀಠದಲ್ಲಿ ತಾನು ಕೂರುತ್ತದೆ; ಒಂದಕ್ಕೆ ಒಂದರಂತೆ. ಕ್ಯಾಲ್ಸಿಯಂ 200, ಫಾಸ್ಫೇಟ್ 285, ಹೈಡ್ರಾಕ್ಸೈಡ್ 17, ಎಲ್ಲ ಸೇರಿ ಆ ಖನಿಜದ ಒಂದು ಮೋಲಿನ ತೂಕ 502 ಗ್ರಾಂ. ಆದುದರಿಂದ ಒಂದು ಮಿಲಿಮೋಲ್ ಫ್ಲೋರೈಡ್ ಅರ್ಧ ಗ್ರಾಂ ಖನಿಜದ ಸ್ವರೂಪವನ್ನು ಬದಲಿಸಬಲ್ಲುದು. ತೂಕದಲ್ಲಿ 19 ಮಿಲಿಗ್ರಾಂ, ಪರಿಣಾಮದಲ್ಲಿ 502 ಮಿಲಿಗ್ರಾಂ! ಕುಡಿದದ್ದೆಲ್ಲ ಎಲುಬಿಗೆ ಸೇರುವುದಿಲ್ಲ, ನಿಜ. ದೊಡ್ಡವರಲ್ಲಿ ಸುಮಾರು ಅರ್ಧಭಾಗವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಆದರೆ ಮಕ್ಕಳ ಬೆಳೆಯುವ ಎಲುಬು ಅದನ್ನು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಮತ್ತು ರೈತ ನಾಳೆಯೂ ಅದೇ ಬಾವಿಯ ನೀರನ್ನು ಕುಡಿಯುತ್ತಾನೆ.

ಫ್ಲೋರೈಡ್ ನೀರಿಗೆ ಬರುವುದು ಕಲ್ಲಿನಿಂದ. ಕಣಶಿಲೆಯಂಥ ಬಂಡೆಗಳ ಕೆಲವು ಖನಿಜಗಳಲ್ಲಿ ಅದಿರುತ್ತದೆ. ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಅದನ್ನು ಕರಗಿಸಿಕೊಳ್ಳುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಒಂದು ಕ್ಯಾಲ್ಸಿಯಂ ಎರಡು ಫ್ಲೋರೈಡುಗಳನ್ನು ಹಿಡಿದು ಕರಗದ ಹರಳಾಗಿ ಕುಳಿತುಬಿಡುತ್ತದೆ. ಕ್ಯಾಲ್ಸಿಯಂ ಕಡಮೆಯಾದ ನೀರಿನಲ್ಲಿ ಹಿಡಿಯುವವರಿಲ್ಲದೆ ಫ್ಲೋರೈಡ್ ಏರುತ್ತದೆ. ಬಾಯಿಗೆ ಮೆದುವಾದ ನೀರೇ ನಿರಪಾಯವೆಂಬ ನಂಬಿಕೆ ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ.

ಪರಿಹಾರದ ಲೆಕ್ಕದಲ್ಲಿ ಮೋಲ್ ಒಂದೆಡೆ ಸೋಲುತ್ತದೆ, ಅದನ್ನೂ ಹೇಳಬೇಕು. ನಾಗಪುರದ ರಾಷ್ಟ್ರೀಯ ಪರಿಸರ ಸಂಶೋಧನಾ ಸಂಸ್ಥೆಯವರು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ನೀರಿಗೆ ಸುಣ್ಣ ಮತ್ತು ಪಟಿಕ ಬೆರೆಸಿ ಕಲಕಿ, ಗಸಿಯನ್ನು ತಳಕ್ಕೆ ಇಳಿಸುತ್ತಾರೆ. ಅಲ್ಲಿ ಫ್ಲೋರೈಡ್ ಒಂದಕ್ಕೊಂದು ಎಂಬ ಕಟ್ಟಳೆಯಿಂದ ಕೂಡುವುದಿಲ್ಲ, ಗಸಿಯ ಮೈಗೆ ಅಂಟಿಕೊಂಡು ಹೋಗುತ್ತದೆ. ಕೆಲವೇ ಮಿಲಿಗ್ರಾಂ ತೆಗೆಯಲು ಲೀಟರಿಗೆ ನೂರಾರು ಮಿಲಿಗ್ರಾಂ ಪಟಿಕ ಬೇಕು.

ಕಾಯಿಸಿ ಕುಡಿದರೆ ಎಲ್ಲ ದೋಷವೂ ಹೋಗುತ್ತದೆಂಬ ಮಾತು ರೋಗಾಣುಗಳ ಮಟ್ಟಿಗೆ ಸರಿ, ಫ್ಲೋರೈಡಿಗೆ ಸಲ್ಲದು. ನಮ್ಮ ಬಾವಿಯ ಹತ್ತು ಲೀಟರ್ ನೀರಿನಲ್ಲಿ ಎರಡು ಮಿಲಿಮೋಲ್ ಇದೆ. ಕುದಿದು ಎಂಟು ಲೀಟರಿಗೆ ಇಳಿದಾಗಲೂ ಆ ಎರಡು ಮಿಲಿಮೋಲ್ ಅಲ್ಲಿಯೇ ಇರುತ್ತದೆ. ಹಬೆಯಾಗಿ ಹೋದದ್ದು ನೀರು. ಲೀಟರಿಗೆ 3.8 ಮಿಲಿಗ್ರಾಂ ಇದ್ದದ್ದು 4.75 ಆಯಿತು. ಬದಲಿಗೆ ಮಾಳಿಗೆಯ ಮೇಲೆ ಬಿದ್ದ ಮಳೆಯ ನೀರನ್ನು ಚೊಕ್ಕಟವಾಗಿ ಹಿಡಿದಿಟ್ಟು, ಬಾವಿಯ ಒಂದು ಕೊಡಕ್ಕೆ ಮಳೆಯ ಎರಡು ಕೊಡ ಬೆರೆಸಿದರೆ, ಅಷ್ಟೇ ಕಣಗಳು ಮೂರು ಕೊಡಗಳಿಗೆ ಹರಡಿ, ಲೀಟರಿಗೆ 1.27 ಮಿಲಿಗ್ರಾಮಿಗೆ ಇಳಿಯುತ್ತದೆ.