ಲೇಶಮಾತ್ರ ರಾಸಾಯನಿಕಗಳ ಪತ್ತೆ: ಸಣ್ಣ ಉಪಕರಣ ತಯಾರಕರಿಗೆ ಸಹಸಂಶೋಧನೆಯ ಹಾದಿ

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟವು ಬೆಂಗಳೂರು ವಿಶ್ವವಿದ್ಯಾಲಯವು 2001 ಮತ್ತು 2004ರಲ್ಲಿ ನಡೆಸಿದ ಉತ್ಖನನಗಳಿಂದಾಗಿ ಪ್ರಾಚೀನ ಬೌದ್ಧ ನೆಲೆಯೆಂದು ವಿದ್ವತ್ ವಲಯದಲ್ಲಿ ಹೆಸರಾಗಿದೆ. ಉದ್ಯಮಿಗಳಿಗೆ ಈ ಗ್ರಾಮದ ಆಸುಪಾಸು ಬೇರೊಂದು ಕಾರಣದಿಂದ ಗಮನಾರ್ಹವಾದುದು. ಒಂದೆಡೆ ನೇಕಾರಿಕೆ ಹಾಗೂ ಬಣ್ಣಗಾರಿಕೆ, ಇನ್ನೊಂದೆಡೆ ದ್ರಾಕ್ಷಿ ಮತ್ತು ಹೈನುಗಾರಿಕೆ, ಮತ್ತೊಂದೆಡೆ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶ; ಜನರ ಬಳಕೆಗೆ ಬಹುಪಾಲು ಕೊಳವೆಬಾವಿಯ ನೀರು. ಬಟ್ಟೆ, ಹಣ್ಣು, ಹಾಲು, ನೀರು ಈ ನಾಲ್ಕಕ್ಕೂ ಇಂದು ಒಂದೇ ಪ್ರಶ್ನೆ ಎದುರಾಗಿದೆ: ಇರಬಾರದ ರಾಸಾಯನಿಕವು ಇದರಲ್ಲಿ ಎಷ್ಟಿದೆ?

ಅಳತೆಯ ಸೂಕ್ಷ್ಮತೆ

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕ 10500ರ 2012ರ ಆವೃತ್ತಿಯ ಪ್ರಕಾರ ಸೀಸದ ಮಿತಿಯು ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಸಾವಿರ ಲೀಟರಿನ ತೊಟ್ಟಿಯೊಂದರಲ್ಲಿ 10 ಮಿಲಿಗ್ರಾಂ. ಕ್ಯಾನ್ಸರ್‌ಕಾರಕ ಅಮೈನುಗಳನ್ನು ಬಿಡುವ ಅಜೋ ವರ್ಣಗಳನ್ನು ಜರ್ಮನಿಯು 1994ರಲ್ಲಿ ನಿಷೇಧಿಸಿತು; ಮುಂದೆ ಯೂರೋಪಿನ ಒಕ್ಕೂಟವು ಒಂದು ಕಿಲೋ ಬಟ್ಟೆಯಲ್ಲಿ ಅಂಥ ಅಮೈನು 30 ಮಿಲಿಗ್ರಾಂ ಮೀರಬಾರದೆಂದು ವಿಧಿಸಿತು. 2010ರಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ಬೆಳವಣಿಗೆ ನಿಯಂತ್ರಕದ ಅವಶೇಷದಿಂದಾಗಿ ಭಾರತದ ದ್ರಾಕ್ಷಿಯು ಯೂರೋಪಿನಲ್ಲಿ ತಡೆಹಿಡಿಯಲ್ಪಟ್ಟು ರಫ್ತುದಾರರು ನಷ್ಟಕ್ಕೀಡಾದುದನ್ನು ವ್ಯಾಪಾರಿಗಳು ಮರೆತಿರಲಾರರು.

ಇಂಥ ಅಳತೆಗೆ ಬಳಸುವ ದೊಡ್ಡ ಪ್ರಯೋಗಾಲಯದ ಯಂತ್ರಗಳು ದುಬಾರಿ, ಬಹುಮಟ್ಟಿಗೆ ಆಮದಾದವು. ಸ್ಥಳದಲ್ಲಿಯೇ ಪರೀಕ್ಷಿಸುವ ಸರಳ ಉಪಕರಣಕ್ಕೆ ಬೇಡಿಕೆಯಿರುವುದು ಈ ಕಾರಣದಿಂದಲೇ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಲು ಉದ್ದೇಶಿಸಿತು. ಈ ಮಾರುಕಟ್ಟೆಯು ಸಣ್ಣ ತಯಾರಕರ ಕೈಗೆಟುಕುವಂಥದು.

ಒಬ್ಬನಿಂದಾಗದ ಕೆಲಸ

ಲೇಶಪತ್ತೆಯ ಉಪಕರಣವೊಂದು ಹಲವು ಕಸುಬುಗಳ ಕೂಡಿಕೆ. ಮಾದರಿ ಸಂಗ್ರಹ, ಸಂವೇದಕ, ದೃಗ್‌ಭಾಗಗಳು, ವಿದ್ಯುನ್ಮಂಡಲ, ತಂತ್ರಾಂಶ, ಹೊರಕವಚ ಇವೆಲ್ಲವನ್ನೂ ಒಂದೇ ಸಣ್ಣ ಘಟಕ ತಯಾರಿಸುವುದು ಅಪರೂಪ. ಇದಕ್ಕೆ ಪ್ರಮಾಣೀಕೃತ ನಿರ್ದೇಶಕ ದ್ರವ್ಯಗಳೂ ಐಎಸ್‌ಒ/ಐಇಸಿ 17025 ಮಾನ್ಯತೆ ಪಡೆದ ಪ್ರಯೋಗಾಲಯದ ತಾಳೆ ಪರೀಕ್ಷೆಯೂ ಸೇರಬೇಕು. ಆದ್ದರಿಂದ ಸಹಯೋಗವು ಇಲ್ಲಿ ಆಯ್ಕೆಯಲ್ಲ, ಅನಿವಾರ್ಯ.

ನಿದರ್ಶನಗಳೂ ಉಂಟು. ಸ್ಫೋಟಕಗಳ ಪತ್ತೆಗಾಗಿ ರೂಪಿಸಿದ ರೇಡರ್-ಎಕ್ಸ್ ಸಾಧನವು 2020ರಲ್ಲಿ ಬೆಳಕಿಗೆ ಬಂದಿತು. ಇದು ಪುಣೆಯ ರಕ್ಷಣಾ ಪ್ರಯೋಗಾಲಯ ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಂಟಿ ಶ್ರಮದ ಫಲ. 2021ರಲ್ಲಿ ಬಂದ ನ್ಯಾನೋಸ್ನಿಫರ್‌ನ ಕಥೆ ಸಣ್ಣ ಉದ್ಯಮಿಗಳಿಗೆ ಇನ್ನೂ ಹತ್ತಿರದ್ದು. ಮುಂಬಯಿಯ ಐಐಟಿಯ ಆಶ್ರಯದಲ್ಲಿ ಬೆಳೆದ ನ್ಯಾನೋಸ್ನಿಫ್ ಸಂಸ್ಥೆ ಅದನ್ನು ರೂಪಿಸಿತು. ವೆಹಾಂಟ್ ಎಂಬ ಮತ್ತೊಂದು ಸಂಸ್ಥೆ ಮಾರಾಟದ ಹೊಣೆ ಹೊತ್ತಿತು. ಜ್ಞಾನ ಒಬ್ಬರದು, ತಯಾರಿಕೆ ಇನ್ನೊಬ್ಬರದು, ಮಾರುಕಟ್ಟೆ ಮತ್ತೊಬ್ಬರದು ಎಂಬ ವಿಭಜನೆ ಇಲ್ಲಿ ಸ್ಪಷ್ಟವಾಗಿದೆ.

ಒಡೆತನದ ಪ್ರಶ್ನೆ

ಸಹಯೋಗವು ಮುರಿದುಬೀಳುವುದು ಅನೇಕ ವೇಳೆ ತಂತ್ರಜ್ಞಾನದ ದೋಷದಿಂದಲ್ಲ, ಒಪ್ಪಂದದ ದೋಷದಿಂದ. 1970ರ ಪೇಟೆಂಟ್ ಅಧಿನಿಯಮದ 50ನೇ ಕಲಮನ್ನು ಪ್ರತಿಯೊಬ್ಬ ತಯಾರಕನೂ ಓದಿರಬೇಕು. ಬೇರೆ ಒಪ್ಪಂದವಿಲ್ಲದಿದ್ದರೆ ಜಂಟಿ ಪೇಟೆಂಟಿನ ಪ್ರತಿಯೊಬ್ಬ ಒಡೆಯನೂ ಉಳಿದವರಿಗೆ ಲೆಕ್ಕ ಕೊಡದೆ ಆವಿಷ್ಕಾರವನ್ನು ಸ್ವಂತ ಲಾಭಕ್ಕೆ ಬಳಸಬಹುದು. ಆದರೆ ಉಳಿದವರ ಸಮ್ಮತಿಯಿಲ್ಲದೆ ಪರವಾನಗಿ ನೀಡುವಂತಿಲ್ಲ, ತನ್ನ ಪಾಲನ್ನು ಪರಭಾರೆ ಮಾಡುವಂತಿಲ್ಲ.

ಇದರ ಪರಿಣಾಮವೇನು? ದೊಡ್ಡ ಕಾರ್ಖಾನೆಯುಳ್ಳ ಪಾಲುದಾರನು ಎಷ್ಟಾದರೂ ತಯಾರಿಸಿ ಮಾರಿ ಒಂದು ರೂಪಾಯಿಯನ್ನೂ ಹಂಚದಿರಬಹುದು. ಕಾರ್ಖಾನೆಯಿಲ್ಲದ ಸಣ್ಣ ಪಾಲುದಾರನು ಪರವಾನಗಿಯಿಂದ ಆದಾಯ ಪಡೆಯಬೇಕೆಂದರೆ ಅದೇ ದೊಡ್ಡವನ ಸಮ್ಮತಿಗೆ ಕಾಯಬೇಕು. ಸಮಾನ ಒಡೆತನವೆಂದು ಕಾಗದದಲ್ಲಿ ಕಂಡದ್ದು ವ್ಯವಹಾರದಲ್ಲಿ ಅಸಮಾನವಾಗುತ್ತದೆ. ಆದುದರಿಂದ ಲಾಭಾಂಶ ಹಂಚಿಕೆ, ಪರವಾನಗಿಯ ಅಧಿಕಾರ, ಪಾಲುದಾರ ಹೊರನಡೆದಾಗಿನ ವ್ಯವಸ್ಥೆ ಇವುಗಳನ್ನು ಸಂಶೋಧನೆ ಆರಂಭವಾಗುವ ಮುನ್ನವೇ ಬರೆದಿಡತಕ್ಕದ್ದು.

ಯೂರೋಪಿನ ಒಕ್ಕೂಟದ ಏಳನೆಯ ಸಂಶೋಧನಾ ಚೌಕಟ್ಟು (2007–2013) ಇದಕ್ಕೆ ಒಂದು ಮಾದರಿಯನ್ನು ಒದಗಿಸಿತ್ತು. ಸಣ್ಣ ಉದ್ಯಮಗಳ ಗುಂಪೊಂದು ಸಂಶೋಧನಾ ಸಂಸ್ಥೆಗಳಿಗೆ ಕೆಲಸ ವಹಿಸುವುದು. ಸಂಸ್ಥೆಗಳಿಗೆ ಸಂಭಾವನೆ, ಫಲಿತಾಂಶದ ಒಡೆತನ ಉದ್ಯಮಗಳಿಗೆ ಎಂಬುದು ಅದರ ಮೂಲ ನಿಯಮವಾಗಿತ್ತು.

ಲೆಕ್ಕದ ಶಿಸ್ತು

ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಅದು ಆಯಾ ವರ್ಷದ ಖರ್ಚು. ಅಭಿವೃದ್ಧಿ ಹಂತದ ವೆಚ್ಚವನ್ನು ಮಾತ್ರ, ತಾಂತ್ರಿಕ ಸಾಧ್ಯತೆ, ಪೂರ್ಣಗೊಳಿಸುವ ಸಂಪನ್ಮೂಲ, ಭವಿಷ್ಯದ ಆದಾಯ ಮೊದಲಾದ ಷರತ್ತುಗಳು ಸಿದ್ಧಪಟ್ಟಾಗ ಅಮೂರ್ತ ಆಸ್ತಿಯಾಗಿ ದಾಖಲಿಸಬೇಕು. ಎರಡೂ ಹಂತಗಳನ್ನು ಬೇರ್ಪಡಿಸಲಾಗದಿದ್ದರೆ ಇಡೀ ವೆಚ್ಚವು ಸಂಶೋಧನೆಯದೆಂದೇ ಪರಿಗಣಿತವಾಗುತ್ತದೆ. ಹೀಗಾಗಿ ಯೋಜನೆಗೊಂದು ಪ್ರತ್ಯೇಕ ಖಾತೆ, ಕೆಲಸದ ದಿನಚರಿ ಅತ್ಯವಶ್ಯ.

ಹಳೆಯ ತೆರಿಗೆ ರಿಯಾಯಿತಿಯನ್ನು ನಂಬಿ ಯೋಜನೆ ರೂಪಿಸುವುದು ಸಲ್ಲದು. 1961ರ ಆದಾಯ ತೆರಿಗೆ ಅಧಿನಿಯಮದ 35(2ಎಬಿ) ಕಲಮಿನಡಿ ಮಾನ್ಯತೆ ಪಡೆದ ಆಂತರಿಕ ಸಂಶೋಧನಾ ಘಟಕವುಳ್ಳ ಕಂಪನಿಗಳಿಗೆ ಮಾರ್ಚ್ 2017ರವರೆಗೆ ವೆಚ್ಚದ ಶೇ. 200, ಮಾರ್ಚ್ 2020ರವರೆಗೆ ಶೇ. 150ರಷ್ಟು ಕಡಿತ ದೊರೆಯುತ್ತಿತ್ತು. ಆ ಬಳಿಕ ಅದು ಶೇ. 100ಕ್ಕೆ ಇಳಿಯಿತು. ಪಾಲುದಾರಿಕೆ ಸಂಸ್ಥೆಗಳಿಗೆ ಆ ಹೆಚ್ಚುವರಿ ಲಾಭ ಎಂದೂ ಇರಲಿಲ್ಲ. ಆದರೆ ಪೇಟೆಂಟ್ ಅರ್ಜಿಯ ಶುಲ್ಕದಲ್ಲಿ ಸಣ್ಣ ಘಟಕಗಳಿಗೆ 2020ರಿಂದ ಗಣನೀಯ ರಿಯಾಯಿತಿ ದೊರೆತಿದೆ.

ರಾಜಘಟ್ಟದ ಆಸುಪಾಸಿನ ಬಣ್ಣಗಾರ, ತೋಟಗಾರ, ಉಪಕರಣ ತಯಾರಕ ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತರೆ ಯಾವ ರಾಸಾಯನಿಕವನ್ನು, ಯಾವ ಮಿತಿಯಲ್ಲಿ, ಎಷ್ಟು ಬೆಲೆಗೆ ಅಳೆಯಬೇಕೆಂಬುದು ಖಚಿತವಾದೀತು. ಮೊದಲು ಕೊಳ್ಳುವವನ ಅಗತ್ಯ, ಅನಂತರ ಒಡೆತನದ ಒಪ್ಪಂದ, ಆಮೇಲೆ ಸಂಶೋಧನೆ: ಈ ಕ್ರಮ ತಪ್ಪದಿದ್ದಲ್ಲಿ ಸಣ್ಣ ಬಂಡವಾಳವೂ ಫಲ ನೀಡಬಲ್ಲುದು.