ಕಡಲು ದಾಟಿದ ಕಪ್ಪೆ

ಮುಂಗಾರಿನ ಮಳೆಗೆ ಗದ್ದೆ ತುಂಬಿತೆಂದರೆ ಭಟ್ಕಳದ ಬಳಿಯ ಮುಟ್ಟಳ್ಳಿಯಂತಹ ಕರಾವಳಿಯ ಊರುಗಳಲ್ಲಿ ಗೂಳಿಗಪ್ಪೆಗಳ ಕಚೇರಿ ಆರಂಭವಾಗುತ್ತದೆ. ಗಂಡುಗಪ್ಪೆಗೆ ಆಗ ಮದುವಣಿಗನ ಸಡಗರ: ಮೈಯೆಲ್ಲ ಅರಿಸಿನದ ಬಣ್ಣ, ಗಂಟಲಿನ ಇಕ್ಕೆಲದಲ್ಲೂ ಉಬ್ಬುವ ನೀಲಿ ಚೀಲ. ಹುಳುಹುಪ್ಪಟೆಗಳನ್ನು ತಿಂದು ರೈತನಿಗೆ ನೆರವಾಗುವ ಜೀವಿಯಿದು. ಕಪ್ಪೆಯ ಕಾಲುಗಳನ್ನು ಪರದೇಶಗಳಿಗೆ ಮಾರುವುದನ್ನು ಭಾರತ 1987ರಲ್ಲಿ ನಿಷೇಧಿಸಿತು.

ಇಲ್ಲಿ ಉಪಕಾರಿಯಾದ ಈ ಪ್ರಾಣಿಯೇ ಅಂಡಮಾನ್ ದ್ವೀಪಗಳಲ್ಲಿ ಉಪದ್ರವಕಾರಿ. ಉಪ್ಪುನೀರಿನ ಕಡಲನ್ನು ಅದು ಈಜಿ ದಾಟಿದ್ದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ, ಸಾಕಣೆಗೆಂದು ತರಿಸಿದ ಮೀನುಮರಿಗಳೊಡನೆ ಅದರ ಗೊದಮೊಟ್ಟೆಗಳೂ ಬೆರೆತು ಬಂದಿರಬೇಕು. ಪಾಪ, ಕಪ್ಪೆಯದೇನು ತಪ್ಪು!

ಅದು ಎಲ್ಲೆಲ್ಲಿ, ಯಾವಾಗ ಹರಡಿತೆಂಬುದನ್ನು ತಿಳಿಯುವ ಬಗೆ ಹೇಗೆ? ಬರೆದಿಟ್ಟ ದಾಖಲೆಗಳಿರಲಿಲ್ಲ. ನಿತ್ಯ ಪ್ರಕಾಶ್ ಮೊಹಂತಿ ಮತ್ತು ಜಾನ್ ಮೀಜಿ ಎಂಬ ವಿಜ್ಞಾನಿಗಳು ಹಳ್ಳಿಗರ ನೆನಪನ್ನೇ ನೆಚ್ಚಿದರು. 91 ಹಳ್ಳಿಗಳ ರೈತರು, ಬೆಸ್ತರು, ತೋಟದ ಕೆಲಸಗಾರರು, ಮೀನು ಸಾಕುವವರು, ಇವರೆಲ್ಲರನ್ನೂ ಕಂಡು, ಈ ಕಪ್ಪೆ ಮೊದಲು ಕಣ್ಣಿಗೆ ಬಿದ್ದ ವರ್ಷವನ್ನು ಕೇಳಿ ಬರೆದುಕೊಂಡರು. ಹೊಲದಲ್ಲಿ ದುಡಿಯುವವನ ಕಣ್ಣು ಸಾಮಾನ್ಯವೇ? ಉತ್ತರಗಳನ್ನು ಜೋಡಿಸಿದಾಗ ಚಿತ್ರ ಸ್ಪಷ್ಟವಾಯಿತು. 2009ರಿಂದೀಚೆಗೆ ಕಪ್ಪೆಯದು ನಾಗಾಲೋಟ. ಜನವಸತಿಯುಳ್ಳ 8 ಮುಖ್ಯ ದ್ವೀಪಗಳ ಪೈಕಿ 6ರಲ್ಲಿ ಅದು ಬೀಡುಬಿಟ್ಟಿತ್ತು.

ಇದರಿಂದಾಗುವ ಹಾನಿ ಎಷ್ಟು? ಗೂಳಿಗಪ್ಪೆಯ ಗೊದಮೊಟ್ಟೆಗಳು ಮಾಂಸಾಹಾರಿಗಳು. ದ್ವೀಪದ ಮೂಲನಿವಾಸಿ ಕಪ್ಪೆಗಳ ಗೊದಮೊಟ್ಟೆಗಳನ್ನು ಅವುಗಳೊಡನೆ ಒಂದೇ ನೀರಿನಲ್ಲಿ ಬಿಟ್ಟು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮೂಲನಿವಾಸಿಗಳ ಪೈಕಿ ಒಂದೂ ಬದುಕಿ ಉಳಿಯಲಿಲ್ಲ.